ತಿಳಿದು ಎತ್ತಿದ ಕೈ

"ಠರಾವಿನ ಪರ ಇರೋರು ಕೈ ಎತ್ರಿ" ಎಂದು ಅಧ್ಯಕ್ಷರು ಹೇಳಿದಾಗ ವೀರೇಶ ತನ್ನ ಕೈ ಎತ್ತಿದ. ಹಿಂದಿನ ಸಾಲಿನತ್ತ ತಿರುಗಿಯೂ ನೋಡಲಿಲ್ಲ. ಅಲ್ಲಿ ಕುಳಿತವರು ಬನಶಂಕರಕ್ಕ. ಇಪ್ಪತ್ತೆರಡು ವರ್ಷಗಳಿಂದ ನಗರಸಭೆಯ ಸದಸ್ಯೆ. ಪಕ್ಷ ಹೇಳಿದ ಕಡೆಗೇ ಆಕೆಯ ಕೈ ಏಳುತ್ತದೆ ಎನ್ನುವುದು ಬೆಟಗೇರಿಯಲ್ಲಿ ಯಾರೂ ಪಂದ್ಯ ಕಟ್ಟದಷ್ಟು ಖಾತ್ರಿಯ ಮಾತಾಗಿತ್ತು.

"ಹದಿನೇಳು" ಎಂದ ಎಣಿಸುವವ.

ವೀರೇಶನ ಪ್ರಕಾರ ಹದಿನೆಂಟಾಗಬೇಕು. ಈಗ ತಿರುಗಿ ನೋಡಿದ. ಬನಶಂಕರಕ್ಕನ ಎರಡೂ ಕೈ ಮಡಿಲಲ್ಲಿದ್ದವು. "ವಿರೋಧ ಇರೋರು?" ಎಂದಾಗ ಬಲಗೈ ಎದ್ದಿತು. ಹಸಿರು ಬಳೆಗಳು ಮೊಣಕೈಯತ್ತ ಜಾರಿದವು. ಎಣಿಕೆ ಮುಗಿಯುವವರೆಗೂ ಕೈ ಇಳಿಯಲಿಲ್ಲ. ಆ ಕಡೆ ಹದಿನೆಂಟು. ಒಂದೇ ಮತದಿಂದ ಠರಾವು ಬಿದ್ದುಹೋಯಿತು.

ಬಿದ್ದದ್ದು ನೇಕಾರರ ಓಣಿಯ ಹಿಂದಿನ ಬಯಲಲ್ಲಿ ಅಂಗಡಿಗಳ ಸಾಲು ಕಟ್ಟಿಸುವ ಠರಾವು. ದಿನಾ ಮುಂಜಾನೆ ಅಲ್ಲಿ ನೇಕಾರರು ಸೀರೆಯ ಹಾಸನ್ನು, ಅಂದರೆ ಮಗ್ಗಕ್ಕೇರಿಸುವ ಉದ್ದನೆಯ ನೂಲನ್ನು, ಗೂಟದಿಂದ ಗೂಟಕ್ಕೆ ಚಾಚಿ ಗಂಜಿ ಹಚ್ಚುತ್ತಾರೆ. ಅಷ್ಟು ಉದ್ದದ ಜಾಗ ಓಣಿಯವರಿಗೆ ಬೇರೆ ಇಲ್ಲ. ಕೈಮಗ್ಗ ಉಳಿದಿರುವುದು ಮೂವತ್ತು ಮನೆಗಳಲ್ಲಿ. ಮೂವತ್ತು ಮನೆಗೆ ಹೆದರುವ ಪಕ್ಷ ಯಾವುದಿದೆ? ಪಕ್ಷದ ಸಭೆಯಲ್ಲಿ ಬನಶಂಕರಕ್ಕ ಮೂರು ಸಲ ಬೇಡ ಎಂದಿದ್ದರು. ಮೂರು ಸಲವೂ ದೊಡ್ಡವರು ಗಂಭೀರವಾಗಿ ತಲೆಯಾಡಿಸಿ, ಚಹಾ ತರಿಸಿ, ಮುಂದಿನ ವಿಷಯಕ್ಕೆ ಹೋಗಿದ್ದರು.

ಅರ್ಧ ತಾಸಿನಲ್ಲಿ ಪಕ್ಷದ ಜಿಲ್ಲಾಧ್ಯಕ್ಷ ಸುಭಾಷರ ಫೋನು ಬಂತು.

"ವಿಪ್ ಮೀರ್ಯಾರ. ಸದಸ್ಯತ್ವ ತೆಗಸೂಣು. ಅವರು ಸಹಿ ಮಾಡಿದ ಪ್ರತಿ ಜಲ್ದಿ ಕಳಸು."

ವೀರೇಶ ಜೇಬಿನಲ್ಲಿದ್ದ ಆಕೆಯ ಪ್ರತಿ ತೆಗೆದು ನೋಡಿದ; ಸಹಿಯ ಜಾಗ ಖಾಲಿಯಿತ್ತು. ವಿಪ್ ಎಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಲಿಖಿತ ಆಜ್ಞೆ. ಅದನ್ನು ಪ್ರತಿ ಸದಸ್ಯರಿಗೂ ಮುಟ್ಟಿಸಿ, ಮುಟ್ಟಿತೆಂದು ಸಹಿ ಪಡೆಯುವುದು ನಗರಸಭೆಯಲ್ಲಿ ಪಕ್ಷದ ನಾಯಕನಾದ ಅವನ ಕೆಲಸ. ಮಿಕ್ಕವರೆಲ್ಲರ ಸಹಿ ಪಡೆದಿದ್ದ. ಬನಶಂಕರಕ್ಕನ ಮನೆಯಲ್ಲಿ ಮಾತ್ರ ನಿನ್ನೆ ಮುಂಜಾನೆ ಪತ್ರ ಕೊಟ್ಟು, ಬಿಸಿ ರೊಟ್ಟಿ ತಿಂದು ಎದ್ದು ಬಂದಿದ್ದ. ಅವನಿಗಿಂತ ಮುಂಚಿನ ನಾಯಕರೂ ಅಷ್ಟೇ. ಆಕೆಯ ಹತ್ತಿರ ಸಹಿ ಕೇಳುವುದೆಂದರೆ ಆಕೆಯನ್ನು ಅವಮಾನಿಸಿದಂತೆ ಎಂದು ಎಲ್ಲರೂ ತಿಳಿದಿದ್ದರು.

ಸಹಿ ಇಲ್ಲದಿದ್ದರೆ ಆಜ್ಞೆ ಮುಟ್ಟಿದ್ದಕ್ಕೆ ಸಾಕ್ಷಿಯಿಲ್ಲ. ಅಕ್ಕನ ಸ್ಥಾನ ಉಳಿಯುತ್ತದೆ, ಹೋಗುವುದು ತನ್ನ ನಾಯಕತ್ವ. ಹೋಗಲಿ ಎನಿಸಿತು ವೀರೇಶನಿಗೆ. ಅವನ ಮೊದಲ ಚುನಾವಣೆಯಲ್ಲಿ ಕೈ ಹಿಡಿದು ಮನೆಮನೆ ತಿರುಗಿಸಿದವರು ಆಕೆ. ನೇರ ಆಕೆಯ ಮನೆಗೆ ಬಂದ.

ಬನಶಂಕರಕ್ಕ ಪಡಸಾಲೆಯಲ್ಲಿ ಮೆಂತ್ಯಪಲ್ಲೆ ಸೋಸುತ್ತಿದ್ದರು. ಒಳಗೆ ಗಂಡ ಅಂದಪ್ಪ ಮಗ್ಗ ನಿಲ್ಲಿಸಿ ಕಿವಿಯನ್ನು ಇತ್ತ ಕೊಟ್ಟ.

"ಅಕ್ಕಾರ, ನಿಮ್ಮ ಸಹಿ ತಗೊಂಡಿಲ್ಲ ನಾ. ಪತ್ರ ಮುಟ್ಟಿಲ್ಲ ಅಂದುಬಿಡ್ರಿ. ಮುಗೀತು."

"ಮುಟ್ಟೈತಲ್ಲೋ. ನೀ ಹೋದ ಮ್ಯಾಲ ಎರಡು ಸಲ ಓದೀನಿ."

"ಅದು ಯಾರಿಗೆ ಗೊತ್ತೈತ್ರಿ?"

"ನನಗ ಗೊತ್ತೈತಿ, ನಿನಗ ಗೊತ್ತೈತಿ. ಇನ್ನೆಷ್ಟು ಮಂದಿ ಬೇಕು?"

"ಸ್ಥಾನ ಹೋಗ್ತೈತ್ರೀ ಅಕ್ಕಾರ! ಇಪ್ಪತ್ತೆರಡು ವರ್ಷದ್ದು!"

ಬನಶಂಕರಕ್ಕ ಸೊಪ್ಪು ಕೆಳಗಿಟ್ಟರು. "ಹೋಗ್ತೈತಿ ಅಂತ ಗೊತ್ತಿತ್ತು. ರಾತ್ರೆಲ್ಲಾ ನಿದ್ದಿ ಬಂದಿಲ್ಲ. ಆದ್ರ ಈಗ ಪತ್ರ ಮುಟ್ಟಿಲ್ಲ ಅಂದ್ರ ಮಂದಿ ಏನಂತಾರ? ಪಾಪ, ಮುದುಕಿಗಿ ಏನೂ ಗೊತ್ತಿದ್ದಿಲ್ಲ, ತಪ್ಪಿ ಕೈ ಎತ್ಯಾಳ ಅಂತಾರ. ನಾ ತಪ್ಪಿ ಎತ್ತಿಲ್ಲಪಾ. ಎಲ್ಲಾ ತಿಳಕೊಂಡು ಎತ್ತೀನಿ. ಪಕ್ಷದ ಆಜ್ಞಾ ಮೀರೀನಿ, ಅದೂ ಖರೆ. ತಾ ಇಲ್ಲೆ."

ವೀರೇಶ ಪ್ರತಿಯನ್ನು ಜೇಬಿನಿಂದ ತೆಗೆಯಲಿಲ್ಲ. ಆಕೆಯೇ ಎದ್ದು ಬಂದು ತೆಗೆದುಕೊಂಡರು. ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಬಿಡಿಸಿ ಸಹಿ ಮಾಡಿದರು. ಅಷ್ಟಕ್ಕೇ ಬಿಡದೆ, ಕೆಳಗೆ "ನಿನ್ನೆ ಮುಂಜಾನೆ ಒಂಬತ್ತೂವರೆಗೆ ಮುಟ್ಟಿದೆ" ಎಂದೂ ಬರೆದರು. ಇಂಥವರನ್ನು ತೆಗೆಸುವ ಪತ್ರವನ್ನು ತಾನೇ ಒಯ್ಯಬೇಕಲ್ಲ ಎಂದುಕೊಳ್ಳುತ್ತ ವೀರೇಶ ಅದನ್ನು ಮಡಚಿ ಜೇಬಿಗಿಟ್ಟ.

"ಬರದ್ಯಾ?" ಎಂದ ಅಂದಪ್ಪ ಒಳಗಿನಿಂದ.

"ಬರದೆ."

ಮಗ್ಗ ಮತ್ತೆ ಶುರುವಾಯಿತು. ವೀರೇಶ ಹೊರಗೆ ಬಂದು ಒಂದು ಚಪ್ಪಲಿ ಮೆಟ್ಟಿದ್ದನಷ್ಟೇ, ಹಿಂದಿನಿಂದ ಕೂಗು ಬಂತು.

"ವೀರೇಶಾ, ನಮ್ಮ ವಾರ್ಡಿಗೆ ಮತ್ತ ಚುನಾವಣಿ ಬರ್ತೈತಲ್ಲ, ಮೂಲಿಮನಿ ಗದಿಗೆವ್ವನ್ನ ನಿಲ್ಲಸ್ರಿ. ಗಟ್ಟಿ ಹೆಣ್ಮಗಳು. ಪಕ್ಷದ ಶಾಲು ಹೊತಕೊಂಡು ಮನಿಮನಿಗಿ ನಾನೂ ಬರ್ತೀನಿ."

ಇನ್ನೊಂದು ಚಪ್ಪಲಿಗೆ ಕಾಲು ತೂರಿಸಲಾಗದೆ ವೀರೇಶ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟ.