ಜಾಕ್‌ನ ಚೌಕ

ಊಟಕ್ಕೆ ಮುಂಚೆ ಮಾತು ಮುಗಿಯಬೇಕು. ಇದು ಕೋಚ್ ಸ್ಟಾನೆಕ್ ಮಾಡಿದ ಕಟ್ಟಳೆ. ಸೀಸನ್ ಅರ್ಧಕ್ಕೆ ಬಂದು ಒಂದು ವಾರ ಪಂದ್ಯವಿಲ್ಲದೆ ಬಿಡುವು ಸಿಕ್ಕಾಗ, ಆ ವಾರ ಮುಗಿಯುವ ಭಾನುವಾರ ಮಧ್ಯಾಹ್ನ ವಾಬೆಕ್ ಬಾರ್ಜರ್ಸ್ ಎಂಬ ಒಳಾಂಗಣ ಫುಟ್‌ಬಾಲ್ ತಂಡದವರೆಲ್ಲ ಬೊಹೀಮಿಯನ್ ಸಭಾಂಗಣದ ಮಡಚುವ ಕುರ್ಚಿಗಳ ಮೇಲೆ ಹಸಿದುಕೊಂಡು ಕೂರಬೇಕು. ಒಳಗಿನಿಂದ ಸ್ಟಾನೆಕ್‌ನ ಹೆಂಡತಿ ಹುರಿದ ಹಂದಿಮಾಂಸದ ವಾಸನೆ, ಹುಳಿ ಎಲೆಕೋಸಿನ ವಾಸನೆ ಬರುತ್ತಲೇ ಇರುತ್ತದೆ. ಆದರೆ ತಟ್ಟೆ ಬರುವುದಿಲ್ಲ. ಒಂದೇ ಜಾಗಕ್ಕೆ ಇಬ್ಬರು ಪೈಪೋಟಿಯಲ್ಲಿದ್ದರೆ ಇಬ್ಬರೂ ಎಲ್ಲರೆದುರು ನಿಲ್ಲಬೇಕು. ಒಬ್ಬ ಇನ್ನೊಬ್ಬನ ಆಟವನ್ನು ಅಳೆದು ಹೇಳಬೇಕು. ತನ್ನ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ಕಣ್ಣಾರೆ ಕಂಡದ್ದನ್ನು ಬಿಟ್ಟು ಬೇರೇನೂ ಹೇಳುವಂತಿಲ್ಲ. 'ಒಳ್ಳೇ ಹುಡುಗ, ಕಷ್ಟಪಡ್ತಾನೆ' ಎಂದು ಜಾರಿಕೊಳ್ಳಲು ನೋಡಿದವನನ್ನು ಸ್ಟಾನೆಕ್ ಅಲ್ಲೇ ತಡೆದು, ನೀನೇನು ಮದುವೆ ಸಂಬಂಧ ಮಾತಾಡೋಕೆ ಬಂದಿದ್ದೀಯಾ ಎಂದು ಕೇಳುತ್ತಾನೆ.

ಕೋಲ್ಬಿ ವ್ರೂಮ್ ಹಿಂದಿನ ಸಾಲಿನಲ್ಲಿ ಹಲ್ಲು ಕಡಿಯುತ್ತ ಕೂತಿದ್ದ. ಅವನ ಜಾಗಕ್ಕೆ ಇಬ್ಬರಿದ್ದರು. ಇನ್ನೊಬ್ಬ ಲಮಾಂಟ್ ಟಿಬ್ಸ್, ತಂಡದಲ್ಲೇ ಹಿರಿಯ. ಮೊದಲ ಪಂದ್ಯದಲ್ಲೇ ಎಡ ಮಂಡಿ ತಿರುಚಿಕೊಂಡು ಹೊರಗೆ ಬಿದ್ದಿದ್ದ ಟಿಬ್ಸ್ ಈಗ ವಾಪಸ್ ಬಂದಿದ್ದ. ಡಾಕ್ಟರು ಆಡಬಹುದು ಎಂದಿದ್ದರು. ಇಬ್ಬರಲ್ಲಿ ಪಂದ್ಯದ ದಿನ ಜೆರ್ಸಿ ತೊಡುವವನು ಒಬ್ಬನೇ. ಉಳಿದವನು ವಾರವಿಡೀ ಅಭ್ಯಾಸದಲ್ಲಿ ಪೆಟ್ಟು ತಿಂದು ಶನಿವಾರ ಮೈದಾನದ ಸುತ್ತಲ ಗೋಡೆಯ ಆಚೆ ನಿಂತು ನೋಡಬೇಕು.

ಕೋಲ್ಬಿಗೆ ಆ ಜೆರ್ಸಿ ಅಂದರೆ ಏನು ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಉಳಿದವರೆಲ್ಲ ಯಾವುದಾದರೊಂದು ಕಾಲೇಜಿಗೆ ಆಡಿ ಬಂದವರು. ಅವನು ಹದಿನಾರಕ್ಕೇ ಶಾಲೆ ಬಿಟ್ಟು ಮಾಂಸದ ಕಾರ್ಖಾನೆ ಸೇರಿದವನು. ಐದು ವರ್ಷದಿಂದ ಹಂದಿಯ ತೊಡೆ ಬೇರ್ಪಡಿಸುವ ಸಾಲಿನಲ್ಲಿ ನಿಂತು, ಯಾರು ಬೇಕಾದರೂ ಬರಬಹುದು ಎಂದು ತಂಡ ಕರೆದ ದಿನ ಕೆಲಸದ ಬೂಟಿನಲ್ಲೇ ಹೋಗಿ ಆಯ್ಕೆಯಾದವನು. ಅವನ ಸಿಟ್ಟು ಎಲ್ಲ ಕಡೆ ಅವನ ಕೆಲಸ ಕೆಡಿಸಿತ್ತು. ಶಾಲೆಯಲ್ಲಿ ಕೆಡಿಸಿತು, ಮೇಲ್ವಿಚಾರಕನ ಎದುರು ಕೆಡಿಸಿತು, ಒಬ್ಬ ಹುಡುಗಿಯ ಅಪ್ಪನ ಎದುರೂ ಕೆಡಿಸಿತು. ಇಲ್ಲಿ ಮಾತ್ರ ಅದೇ ಸಿಟ್ಟಿಗೆ ಜನ ಎದ್ದು ನಿಂತು ಗೋಡೆಯ ಮೆತ್ತೆಗಳನ್ನು ಅಂಗೈಯಲ್ಲಿ ಬಡಿದಿದ್ದರು. ಕಾರ್ಖಾನೆಯ ಹೆಂಗಸರು ಮೊದಲ ಸಾಲಿನ ಟಿಕೆಟ್ ಹಿಡಿದು ಬಂದು ಅವನ ಹೆಸರು ಕೂಗಿದ್ದರು.

ಈ ಆಟವನ್ನು ಆಟವೇ ಅಲ್ಲ ಎನ್ನುವವರಿದ್ದಾರೆ. ಟಿವಿಯಲ್ಲಿ ದೊಡ್ಡ ಮೈದಾನದ ಅಮೆರಿಕನ್ ಫುಟ್‌ಬಾಲ್ ನೋಡಿ ಬೆಳೆದವರು, ಐವತ್ತು ಗಜದ ಹುಲ್ಲುಹಾಸಿನಲ್ಲಿ ಎಂಟೆಂಟು ಜನ ಕುಸ್ತಿಯಾಡುವುದನ್ನು ಕಂಡು ಮೂಗು ಮುರಿಯುತ್ತಾರೆ. ಅಂಥವರನ್ನು ಕತ್ತು ಹಿಡಿದು ತಂದು ಮೊದಲ ಸಾಲಿನಲ್ಲಿ ಕೂರಿಸಬೇಕು. ಕೃತಕ ಹುಲ್ಲುಹಾಸಿನ ಕೆಳಗೆ ಐಸ್ ಹಾಕಿ ಆಡುವವರ ಮಂಜುಗಡ್ಡೆ ಹಾಗೇ ಇರುತ್ತದೆ, ಬಿದ್ದವನ ಬೆನ್ನಿಗೆ ಆ ಥಂಡಿ ಹತ್ತುತ್ತದೆ. ಹೊರಗೆ ಓಡಿ ಪಾರಾಗೋಣವೆಂದರೆ ಜಾಗವಿಲ್ಲ, ಸುತ್ತ ಸೊಂಟದೆತ್ತರದ ಗೋಡೆ. ಗುದ್ದಿದರೆ ಮನುಷ್ಯ ಆ ಗೋಡೆ ದಾಟಿ ಯಾರದೋ ಬಿಯರ್ ಮೇಲೆ ಬೀಳುತ್ತಾನೆ, ಎದ್ದು ಕ್ಷಮಿಸಿ ಎಂದು ಮತ್ತೆ ಒಳಗೆ ಹಾರುತ್ತಾನೆ.

ಮೊದಲ ಪಂದ್ಯದಲ್ಲಿ ಬಾರ್ಜರ್ಸ್ ಊರಿನವರ ಎದುರೇ ಮಣ್ಣು ಮುಕ್ಕಿದಾಗ, ಇವರ ಕತೆ ಮುಗಿಯಿತೆಂದು ರೇಡಿಯೋದವನು ನಕ್ಕಿದ್ದ. ಆಮೇಲೆ ಅದೇ ತಂಡ ನಾಲ್ಕು ಗೆದ್ದಿತು. ಚೆಂಡು ಎಸೆಯುವ ಮೋಟ್, ವಾರದ ದಿನ ಮನೆಗಳ ಛಾವಣಿ ಹೊದಿಸುವವನು, ಮುರಿದ ಬೆರಳಿಗೆ ಟೇಪು ಸುತ್ತಿಕೊಂಡು ಎಸೆದ. ಒದೆಯುವ ಬ್ಯೂಟ್ರಾಗೋ ಕಂಬದ ಪಕ್ಕದ ಬಲೆಗೆ ಬೇಕಂತಲೇ ಚೆಂಡು ಹೊಡೆದು, ಅದು ಪುಟಿದು ತಮ್ಮವರ ಕೈಗೇ ಬೀಳುವಂತೆ ಮಾಡಿದ; ಬಲೆಯಿಂದ ಪುಟಿದ ಚೆಂಡು ಇಲ್ಲಿ ಹಿಡಿದವರದು. ಎದುರಾಳಿಗಳು ಬಾಯಿ ಬಿಟ್ಟುಕೊಂಡು ನಿಂತರು. ನಾಲ್ಕು ಗೆದ್ದು ಮೂರು ಸೋತ ತಂಡ ಎಂದು ಕಾಗದದ ಮೇಲೆ ಬರೆದರೆ ಇದೆಲ್ಲ ಎಲ್ಲಿ ಕಾಣಬೇಕು?

ಆದರೆ ಮೂರನೆಯ ಸೋಲು ಕೋಲ್ಬಿಯ ತಲೆಯ ಮೇಲಿತ್ತು. ಅವನು ಆಡುವ ಜಾಗಕ್ಕೆ ಜಾಕ್ ಎನ್ನುತ್ತಾರೆ. ಜಾಕ್ ಆದವನು ತನ್ನ ಸಾಲಿನ ಹಿಂದೆ ಒಂದು ಚೌಕದೊಳಗೆ ನಿಂತಿರಬೇಕು. ಎದುರಾಳಿ ಚೆಂಡನ್ನು ಕೈಬಿಡುವವರೆಗೆ ಚೌಕ ದಾಟುವಂತಿಲ್ಲ. ಹುಲ್ಲಿನ ಮೇಲೆ ಗೆರೆಯಿಲ್ಲ, ಆದರೂ ಚೌಕವಿದೆ. ಬೇರೆ ಕಡೆ ಫುಟ್‌ಬಾಲ್ ಕಲಿತು ಬಂದವನ ಕಾಲು ಆ ಇಲ್ಲದ ಗೆರೆಯನ್ನು ಮರೆತೇ ಮರೆಯುತ್ತದೆ. ಬಿಡುವಿಗೆ ಮುಂಚಿನ ಶನಿವಾರ ಕೊನೆಯ ನಿಮಿಷದಲ್ಲಿ, ಮುಂದಿದ್ದಾಗ, ಎದುರಾಳಿಯ ಕೊನೆಯ ಅವಕಾಶದ ಎಸೆತವನ್ನು ಕೋಲ್ಬಿ ಹಾರಿ ಬಡಿದು ಕೆಡವಿದ್ದ. ಇಡೀ ಅಖಾಡ ಎದ್ದಿತ್ತು. ಅಷ್ಟರಲ್ಲಿ ತಪ್ಪು ಕಂಡಾಗ ರೆಫರಿ ಎಸೆಯುವ ಹಳದಿ ಬಟ್ಟೆ ನೆಲಕ್ಕೆ ಬಿತ್ತು. ಚೆಂಡು ಕೈಬಿಡುವ ಮೊದಲೇ ಅವನು ಚೌಕ ಬಿಟ್ಟಿದ್ದ. ಎದುರಾಳಿಗೆ ಮತ್ತೆ ಅವಕಾಶ ಸಿಕ್ಕಿತು, ಪಂದ್ಯ ಹೋಯಿತು.

ಗೋಡೆಯ ಆಚೆಯಿಂದ ಟಿಬ್ಸ್ ಪ್ರತಿ ಪಂದ್ಯದಲ್ಲೂ 'ಚೌಕ, ಚೌಕ' ಎಂದು ಕೂಗುತ್ತಿದ್ದ. ಆ ದನಿ ಕೋಲ್ಬಿಯ ನಿದ್ದೆಗೂ ಬರುತ್ತಿತ್ತು. ಆದರೆ ಅವನ ಕೈಯಲ್ಲೂ ಒಂದು ಆಯುಧವಿತ್ತು. ಎರಡು ವಾರದ ಅಭ್ಯಾಸದಲ್ಲಿ ಅವನು ಟಿಬ್ಸ್‌ನ ಮೇಲಿಂದ ಕಣ್ಣು ಕಿತ್ತಿರಲಿಲ್ಲ. ಬೇರೆ ಯಾರಿಗೂ ಕಾಣದ್ದು ಅವನಿಗೆ ಕಂಡಿತ್ತು: ಆ ಎಡ ಮಂಡಿ ವಾಸಿಯಾಗಿರಲಿಲ್ಲ. ಇವತ್ತು ಅದನ್ನು ಹೇಳಿದರೆ ಸಾಕು, ಜೆರ್ಸಿ ಅವನದು.

ಉಳಿದ ಜೋಡಿಗಳೆಲ್ಲ ಮುಗಿದವು. ಒಬ್ಬ ತನ್ನ ಎದುರಾಳಿಯ ಓಟವನ್ನು ಹೊಗಳಿ, ಅವನ ಕೈ ಮಾತ್ರ ಬೆಣ್ಣೆ ಸವರಿದ ಹಾಗಿದೆ ಎಂದ. ಇನ್ನೊಬ್ಬ ಹಸಿವು ತಾಳದೆ, ಎಲ್ಲದಕ್ಕೂ ಒಪ್ಪಿದೆ, ತಟ್ಟೆ ಕೊಡಿ ಎಂದ. ಕೊನೆಗೆ ಸ್ಟಾನೆಕ್ ಟಿಬ್ಸ್‌ನ ಕಡೆ ಗಲ್ಲ ಎತ್ತಿದ.

ಟಿಬ್ಸ್ ನಿಧಾನವಾಗಿ ಎದ್ದ.

"ಎಲ್ಲಾ ಪಂದ್ಯ ಗೋಡೆ ಪಕ್ಕ ನಿಂತು ನೋಡಿದೀನಿ. ಬೇರೆ ಕೆಲ್ಸ ಇರ್ಲಿಲ್ಲ ನೋಡಿ" ಎಂದು ಶುರು ಮಾಡಿದ. ಕೆಲವರು ನಕ್ಕರು. "ಈ ಮರಿ ಮೊದಮೊದಲು ಚೆಂಡು ನೋಡ್ತಿದ್ದ. ಆಮೇಲೆ ಎಸೆಯೋನ ಭುಜ ನೋಡೋಕೆ ಶುರು ಮಾಡ್ದ. ಅದು ಕಲಿಯೋಕೆ ನಂಗೆ ಎರಡು ವರ್ಷ ಹಿಡೀತು. ಇವ್ನಿಗೆ ಯಾರೂ ಹೇಳ್ಕೊಟ್ಟಿಲ್ಲ. ನಾನಂತೂ ಹೇಳ್ಕೊಟ್ಟಿಲ್ಲ, ನಂಗೇನು ಹುಚ್ಚಾ?"

ಈಗ ಎಲ್ಲರೂ ನಕ್ಕರು. ಕೋಲ್ಬಿ ನಗಲಿಲ್ಲ.

"ಇನ್ನು ಹೋದ ಪಂದ್ಯದ್ದು. ಇವ್ನು ಚೌಕ ಮರೆತು ಓಡಿದ ಅಂತ ಎಲ್ರೂ ಅಂದ್ಕೊಂಡಿದ್ದೀರಿ. ಮರೆತಿಲ್ಲ. ಚೆಂಡು ಎಲ್ಲಿಗೆ ಹೋಗುತ್ತೆ ಅಂತ ಎಸೆಯೋನಿಗಿಂತ ಮುಂಚೆ ಇವ್ನಿಗೆ ಗೊತ್ತಾಗೋಯ್ತು. ಗೊತ್ತಾದ್ಮೇಲೆ ಇವ್ನ ಕೈಲಿ ನಿಲ್ಲೋಕಾಗಲ್ಲ. ಅದು ತಪ್ಪೇ. ಪಂದ್ಯ ಹೋಯ್ತು. ಆದ್ರೆ ಅಂಥಾ ತಪ್ಪು ಮಾಡೋ ಯೋಗ್ಯತೆ ಇಲ್ಲಿ ಎಷ್ಟು ಜನಕ್ಕಿದೆ?"

ಅಷ್ಟು ಹೇಳಿ ಟಿಬ್ಸ್ ಕೂತ. ಕೋಲ್ಬಿಗೆ ಸಿಟ್ಟು ಇನ್ನೂ ಏರಿತು. ಬೈದಿದ್ದರೆ ಸುಲಭವಿತ್ತು. ಬೈದವನಿಗೆ ತಿರುಗಿ ಕೊಡುವುದು ಅವನಿಗೆ ಹುಟ್ಟಿನಿಂದ ಬಂದದ್ದು. ಹೊಗಳಿದವನಿಗೆ ಏನು ಕೊಡಬೇಕೆಂಬುದು ಅವನಿಗೆ ಯಾರೂ ಕಲಿಸಿರಲಿಲ್ಲ. ಕುರ್ಚಿಯನ್ನು ಸದ್ದು ಬರುವಂತೆ ಹಿಂದಕ್ಕೆ ತಳ್ಳಿ ಎದ್ದು ನಿಂತ.

"ಈ ಮುದುಕನ್ನ ಕಂಡ್ರೆ ನಂಗೆ ಆಗಲ್ಲ" ಎಂದ. "ಅದಕ್ಕೇ ಚೆನ್ನಾಗಿ ನೋಡಿದೀನಿ. ಇವ್ನ ಎಡ ಮಂಡಿ ತಿರುಗಲ್ಲ. ಎಡಗಡೆ ಹೋಗ್ಬೇಕಾದ್ರೆ ಮೊದಲು ಒಂದು ಹೆಜ್ಜೆ ಹಿಂದೆ ಇಡ್ತಾನೆ. ವಾಸಿ ಆಗಿಲ್ಲ ಅದು."

ಟಿಬ್ಸ್ ನೆಲ ನೋಡಿದ. ಸ್ಟಾನೆಕ್ ಬಾಯಲ್ಲಿದ್ದ ಹಲ್ಲುಕಡ್ಡಿಯನ್ನು ತೆಗೆದು ಅವನ ಮಂಡಿಯ ಕಡೆ ನೋಡಿದ. ಆಮೇಲೆ, ಮುಗಿಯಿತಾ ಎಂದು ಕೋಲ್ಬಿಯನ್ನು ಕೇಳಿದ.

ಮುಗಿಯಿತು ಎಂದು ಕೂತಿದ್ದರೆ ಆಗಿತ್ತು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕಂಡದ್ದರಲ್ಲಿ ಅದು ಅರ್ಧ ಮಾತ್ರ. ಉಳಿದ ಅರ್ಧ ಗಂಟಲಲ್ಲಿ ಮೂಳೆಯ ಹಾಗೆ ಸಿಕ್ಕಿಕೊಂಡಿತ್ತು. ಅದನ್ನು ನುಂಗಿ ಕೂರೋಣವೆಂದರೆ ಆ ಹಾಳಾದ ಮುದುಕ ಆಗಲೇ ತನ್ನ ಪಾಲಿನದನ್ನು ಪೂರ್ತಿ ಹೇಳಿ ಕೂತಿದ್ದ.

"ಮುಗೀಲಿಲ್ಲ ಕೋಚ್" ಎಂದ. ದನಿ ಗಟ್ಟಿಯಾಯಿತು, ಯಾರ ಮೇಲೋ ಜಗಳಕ್ಕೆ ಹೋದವನ ಹಾಗೆ. "ಚೌಕದೊಳಗೆ ಆ ಮಂಡಿ ತಿರುಗೋ ಪ್ರಸಂಗಾನೇ ಬರಲ್ಲ. ಬುಧವಾರ ಅಭ್ಯಾಸದಲ್ಲಿ ಮೋಟ್ ಮತ್ತೆ ಮತ್ತೆ ಇವ್ನ ಕಡೆ ಎಸೆಯೋಕೆ ಕೈ ಎತ್ತಿದ, ಒಂದ್ಸಲಾನೂ ಎಸೀಲಿಲ್ಲ. ಯಾಕೆ ಅಂತ ಅವ್ನಿಗೇ ಗೊತ್ತಿಲ್ಲ. ಈ ಮುದುಕ ಅಲ್ಲಿ ಸುಮ್ನೆ ನಿಂತಿದ್ದ, ಅದಕ್ಕೆ. ಚೆಂಡು ಇನ್ನೂ ಕೈಲಿರೋವಾಗ್ಲೇ ಒಂದಿಷ್ಟು ಹೀಗೆ ಸರೀತಾನೆ, ಅಷ್ಟೇ. ದಾರಿ ಮುಚ್ಚೋಗುತ್ತೆ. ನಾನು ಪ್ರಾಣ ಬಿಟ್ಟು ಓಡಿ ಮುಚ್ಚೋದನ್ನ ಇವ್ನು ನಿಂತ್ಕೊಂಡು ಮುಚ್ತಾನೆ."

ತನ್ನ ಬಗ್ಗೆ ಮಾತಾಡಬಾರದೆಂದು ಯಾರೋ ಮೆಲ್ಲಗೆ ನೆನಪಿಸಿದರು. ಕೋಲ್ಬಿ ಅವರ ಕಡೆ ತಿರುಗಿಯೂ ನೋಡಲಿಲ್ಲ. ಮೋಟ್ ಟೇಪು ಸುತ್ತಿದ ಬೆರಳನ್ನು ಮೇಲೆತ್ತಿ, ಇದು ನಿಜ, ಬುಧವಾರ ನನಗೆ ದಾರಿಯೇ ಕಾಣಲಿಲ್ಲ, ಕನ್ನಡಕ ಹಾಕಿಸಬೇಕೇನೋ ಅಂದುಕೊಂಡೆ ಎಂದ.

"ಹಾಗಾದ್ರೆ ಶನಿವಾರ ಚೌಕದಲ್ಲಿ ಯಾರು ನಿಲ್ಬೇಕು?" ಎಂದು ಸ್ಟಾನೆಕ್ ಕೇಳಿದ.

ಎಂದೂ ಯಾರನ್ನೂ ಹೀಗೆ ಕೇಳಿದವನಲ್ಲ ಸ್ಟಾನೆಕ್. ಕೋಲ್ಬಿಯ ಕಿವಿಯೆಲ್ಲ ಬಿಸಿಯಾಯಿತು. ಮೊದಲ ಸಾಲಿನ ಹೆಂಗಸರು ಮೆತ್ತೆ ಬಡಿಯುವ ಸದ್ದು ಒಂದು ಕ್ಷಣ ಎದೆಯೊಳಗೇ ಕೇಳಿಸಿದಂತಾಯಿತು.

"ಮುದುಕ" ಎಂದು ಹೇಳಿ, ಕೂರದೆ, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದ.

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಜಲ್ಲಿ ಹಾಕಿದ ಕಾರು ನಿಲ್ಲಿಸುವ ಜಾಗದಲ್ಲಿ ಅವನ ಹಳೇ ಪಿಕಪ್ ಕೊನೆಯಲ್ಲಿತ್ತು. ಬಾಗಿಲು ತೆಗೆದು ಕೂತ, ಎದ್ದ, ಚಕ್ರಕ್ಕೆ ಒದ್ದ, ಮತ್ತೆ ಕೂತ. ಹೇಳಿದ್ದಕ್ಕೆ ತನ್ನನ್ನೇ ಬೈದುಕೊಂಡ. ಆದರೆ ಎಷ್ಟು ಹುಡುಕಿದರೂ, ಹೇಳಿದ್ದರಲ್ಲಿ ತಿದ್ದಬೇಕಾದ ಒಂದು ಮಾತೂ ಸಿಗಲಿಲ್ಲ. ಅದರಿಂದ ಮತ್ತಷ್ಟು ಉರಿಯಿತು.

ಟಿಬ್ಸ್ ಕೈಯಲ್ಲಿ ತಟ್ಟೆ ಹಿಡಿದು, ಜಲ್ಲಿಯ ಮೇಲೆ ಎಚ್ಚರಿಕೆಯಿಂದ ಕಾಲಿಡುತ್ತ ಬಂದ. ಕೋಚ್ ಜೆರ್ಸಿ ತನಗೇ ಕೊಟ್ಟಿದ್ದಾನೆ, ಮಂಡಿಯನ್ನು ಮಾತ್ರ ನಾಳೆ ಮತ್ತೊಮ್ಮೆ ಡಾಕ್ಟರಿಗೆ ತೋರಿಸಬೇಕಂತೆ ಎಂದು ತಿಳಿಸಿದ. ಟಿಬ್ಸ್ ತಟ್ಟೆಯನ್ನು ಪಿಕಪ್‌ನ ಬಾನೆಟ್ಟಿನ ಮೇಲಿಟ್ಟು, ಊಟಕ್ಕಿಂತ ದೊಡ್ಡ ವಿಷಯವಿದೆ ಎನ್ನುವ ಮುಖದಲ್ಲಿ ಕೇಳಿದ.

"ನೀನು ನೋಡಿದ್ದು ಪಾದಾನೋ, ಸೊಂಟಾನೋ?"

"ಸೊಂಟ" ಎಂದ ಕೋಲ್ಬಿ, ಬೇಡವೆಂದರೂ ಮಾತು ಹೊರಬಿತ್ತು. "ಪಾದ ಹಿಂದೆ ಹೋಗೋ ಮುಂಚೆ ಸೊಂಟಾನೇ ಗುಟ್ಟು ಬಿಟ್ಕೊಡುತ್ತೆ. ನಂಗೆ ಕಂಡದ್ದು ಅವ್ರಿಗೂ ಕಾಣುತ್ತೆ. ಶನಿವಾರ ಬರೋರು ಎಡಗಡೆಗೇ ಎಸೆಯೋ ಜಾತಿ. ಚೆಂಡು ಕೈಬಿಟ್ಮೇಲೆ ನೀನು ಚೌಕ ದಾಟಿ ಎಡಕ್ಕೆ ಹೋಗ್ಲೇಬೇಕು."

"ಗೊತ್ತು" ಎಂದ ಟಿಬ್ಸ್. ಮೊದಲ ಸಲ ಅವನ ದನಿಯಲ್ಲಿ ನಗುವಿರಲಿಲ್ಲ. ಎರಡು ವಾರದಿಂದ ಅದಕ್ಕೇ ಹೆದರಿ ಸಾಯುತ್ತಿದ್ದೇನೆ, ಹೇಳಿದರೆ ಜಾಗ ಹೋಗುತ್ತೆ ಅಂತ ಬಾಯಿ ಮುಚ್ಚಿಕೊಂಡಿದ್ದೆ ಎಂದ.

ಕೋಲ್ಬಿ ಪಿಕಪ್‌ನಿಂದ ಇಳಿದ. ಎಡಕ್ಕೆ ತಿರುಗುವುದು ಬಿಟ್ಟು ಬಲಗಾಲಿನ ಮೇಲೆ ಪೂರ್ತಿ ಸುತ್ತು ಹೊಡೆದು ಎಡಗಡೆ ಬಂದರೆ ಮಂಡಿಯ ಕೆಲಸವೇ ಇರುವುದಿಲ್ಲ ಎಂದು ವಿವರಿಸಿ, ತಾನೇ ಒಮ್ಮೆ ಸುತ್ತಿ ತೋರಿಸಿದ. ಕಾರ್ಖಾನೆಯಲ್ಲಿ ಎರಡೂ ಕೈಯಲ್ಲಿ ಮಾಂಸ ಹಿಡಿದವನು ಜಾರುವ ನೆಲದ ಮೇಲೆ ಹೀಗೇ ತಿರುಗುತ್ತಾನೆ. ಟಿಬ್ಸ್ ಪ್ರಯತ್ನಿಸಿದ, ತಡವರಿಸಿದ, ಒಂದು ಕಾರಿನ ಕನ್ನಡಿ ಹಿಡಿದು ನಿಂತ.

"ಯಾಕೋ ಇದೆಲ್ಲ ಹೇಳ್ಕೊಡ್ತಿದೀಯಾ?" ಎಂದು ಕೇಳಿದ.

"ನಿಂಗೋಸ್ಕರ ಅಲ್ಲ" ಎಂದ ಕೋಲ್ಬಿ. "ಶನಿವಾರ ಸೋತ್ರೆ ನಾನು ಅಲ್ಲೇ ನಿಂತು ನೋಡ್ಬೇಕಲ್ಲ. ನಿಲ್ಲು ಅಲ್ಲಿ."

ಹಿಂದಕ್ಕೆ ನಡೆದು ದೂರ ಹೋಗಿ, ಅವನು ಟಿಬ್ಸ್‌ನ ಎಡಗಡೆಗೆ ಗುರಿಯಿಟ್ಟು ಓಡಿ ಬಂದ. ಟಿಬ್ಸ್ ತಡಮಾಡಿದ, ಕೋಲ್ಬಿ ಪಾರಾಗಿ ಬೇಲಿಯವರೆಗೆ ಹೋದ. ಮತ್ತೆ ಬಂದ, ಮತ್ತೆ ಪಾರಾದ. ಸಭಾಂಗಣದ ಬಾಗಿಲಲ್ಲಿ ತಟ್ಟೆ ಹಿಡಿದ ಆಟಗಾರರು ಬಂದು ನಿಂತರು, ಒಬ್ಬೊಬ್ಬರಾಗಿ ಅಗಿಯುವುದು ನಿಲ್ಲಿಸಿದರು. ಮುಂದಿನ ಸಲ ಟಿಬ್ಸ್ ಬಲಗಾಲಿನ ಮೇಲೆ ಬುಗುರಿಯಂತೆ ಸುತ್ತಿದ. ಅವನ ಭುಜ ಕೋಲ್ಬಿಯ ಎದೆಗೆ ಎಷ್ಟು ಬಲವಾಗಿ ಬಡಿಯಿತೆಂದರೆ ಅವನು ಜಲ್ಲಿಯ ಮೇಲೆ ಅಂಗಾತ ಬಿದ್ದ, ಎರಡೂ ಮೊಣಕೈ ಸುಲಿದವು.

ಉಸಿರು ಮರಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ಎದ್ದು, ಮೊಣಕೈಗೆ ಅಂಟಿದ ಕಲ್ಲುಗಳನ್ನು ಕೊಡವಿಕೊಂಡ.

"ಇನ್ನೂ ನಿಧಾನ ಇದೆ" ಎಂದು ಹೇಳಿ, ಓಟ ಶುರು ಮಾಡುವ ಜಾಗಕ್ಕೆ ವಾಪಸ್ ನಡೆದ.