ಸೊರೊಟಿಯ ರೇಡಿಯೋ ಮೂಕವಾದ ಬೆಳಿಗ್ಗೆ

ಫ್ಯಾನು ತಿರುಗುತ್ತಿದೆ, ಅಂದರೆ ಕರೆಂಟು ಇದೆ, ಕರೆಂಟು ಇದೆ ಅಂದಮೇಲೆ ತಪ್ಪು ಇದರ ಹೊಟ್ಟೆಯೊಳಗೇ ಎಲ್ಲೋ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ, ಎಲ್ಲಕ್ಕಿಂತ ಕೆಳಗೆ ಅದೇ ಸಾಲು, ಮುಂದುವರಿಯಲು ಒಡೆಯನ ಪಾಸ್‌ವರ್ಡ್ ಕೊಡಿ — ಒಡೆಯನಂತೆ, ಯಾವನಪ್ಪಾ ಒಡೆಯ, ದಿನಾ ಬೆಳಿಗ್ಗೆ ಈ ಸ್ಟುಡಿಯೋದ ಬಾಗಿಲು ತೆಗೆಯುವವಳು ಅಮೊಂಗಿನ್, ಈ ಯಂತ್ರದ ಧೂಳು ಒರೆಸುವವಳು ಅಮೊಂಗಿನ್, ಪ್ರಸಾರ ನಿಂತರೆ ಮ್ಯಾನೇಜರ್ ಹತ್ತಿರ ಬೈಸಿಕೊಳ್ಳುವವಳೂ ಅಮೊಂಗಿನ್, ಒಡೆಯ ಮಾತ್ರ ಎಂಜಿನಿಯರ್ ಎಸಬು, ಕಂಪ್ಯೂಟರಿಗೆ ಬಿಟ್ಟಿ ಸಿಗುವ ಲಿನಕ್ಸ್ ವ್ಯವಸ್ಥೆ ಹಾಕಿಕೊಟ್ಟು, ಕೈ ಕುಲುಕಿ, ಫೋಟೋ ತೆಗೆಸಿಕೊಂಡು, ಪಾಸ್‌ವರ್ಡನ್ನು ಮಾತ್ರ ಯಾರಿಗೂ ಹೇಳದೆ ಕಂಪಾಲಾಕ್ಕೆ ಹೊರಟುಹೋದ ಮಹಾನುಭಾವ. ರಾತ್ರಿ ಕರೆಂಟು ಹೋಗಿ ಬಂದಿದೆ, ಆಗಿರುವುದು ಅಷ್ಟೇ, ಇಡೀ ಸೊರೊಟಿಯಲ್ಲಿ ಹೋಗಿ ಬಂದಿದೆ, ಎಲ್ಲರ ಮನೆಯ ಫ್ರಿಜ್ಜು ಟೀವಿ ಬೆಳಗಾಗುವಷ್ಟರಲ್ಲಿ ಎದ್ದು ಕೂತಿವೆ, ಇದೊಂದಕ್ಕೆ ಕೊಬ್ಬು, ಎಬ್ಬಿಸಿದರೆ ಅರ್ಧ ದಾರಿಗೆ ಬಂದು ನಿಲ್ಲುತ್ತದೆ, ಹಾಡುಗಳ ಡಿಸ್ಕು ಸಿಗುತ್ತಿಲ್ಲ ಅನ್ನುತ್ತದೆ, ಮತ್ತೆ ಒಡೆಯನನ್ನು ಕೇಳುತ್ತದೆ. ಮೈಕಿನಲ್ಲಿ ಆಡಿದ ಮಾತೂ ಇದರೊಳಗೆ ಹಾದು ತಾನೇ ಊರ ಬಂಡೆಯ ಮೇಲಿನ ಟವರಿಗೆ ಹೋಗಬೇಕು, ಇದು ಏಳದಿದ್ದರೆ ಎಲ್ಲರ ಬಾಯಿಗೂ ಬೀಗ, ಗಾಜಿನಾಚೆ ಒಕಿರೋರ್ ಹೆಡ್‌ಫೋನು ಕತ್ತಿಗೆ ಹಾಕಿಕೊಂಡು ಸುಮ್ಮನೆ ಕೂತಿದ್ದಾನೆ, ಬೆಳಗಿನ ಪ್ರಕಟಣೆ ಓದಬೇಕಾದ ಮನುಷ್ಯ, ಉಗುರು ಕಚ್ಚುತ್ತಾನೆ, ಅಮೊಂಗಿನ್, ಏನಾದ್ರೂ ಮಾಡು ಕಣೇ, ಆಯಮ್ಮನ ಮುಖ ನೋಡಕ್ಕಾಗ್ತಿಲ್ಲ.

ನೋಡಲಾಗದಿದ್ದರೆ ನೋಡಬೇಡ, ನಾನೂ ನೋಡುತ್ತಿಲ್ಲ, ಅಂದುಕೊಂಡು ಅವಳು ಮತ್ತೆ ನೋಡುತ್ತಾಳೆ. ಕಾರಿಡಾರಿನ ಬೆಂಚಿನ ತುದಿಯಲ್ಲಿ ಅಪೊಲೊತ್, ಮಾರುಕಟ್ಟೆಯಲ್ಲಿ ಒಣಗೆಣಸು ಮಾರುವವಳು, ಬೆಳಿಗ್ಗೆ ಗೆಣಸಿನ ಚೀಲ ಇಳಿಸಿಕೊಳ್ಳಲು ಬೆನ್ನು ತಿರುಗಿಸಿದ್ದಾಳೆ, ಮತ್ತೆ ತಿರುಗಿದರೆ ಮಗಳಿಲ್ಲ. ಅಕೊಲ್ ಅಂತ ಹೆಸರು ತಾಯಿ, ನಾಕು ವರ್ಷ, ಇಗೋ ಇದೇ ಬಟ್ಟೇಲಿ ಫ್ರಾಕು, ನನ್ನ ಬಟ್ಟೇಲಿ ಉಳಿದ ತುಂಡಲ್ಲೇ ಹೊಲಿಸಿದ್ದು, ಅಂತ ಸೆರಗು ಎತ್ತಿ ತೋರಿಸಿದಳು, ಹಸಿರು ಬಟ್ಟೆ, ಹಳದಿ ಹಕ್ಕಿ. ಪೊಲೀಸ್‌ನೋರ ಹತ್ರ ಹೋದೆ, ಅವರೂ ರೇಡಿಯೋಗೇ ಹೋಗು ಅಂದ್ರು. ಅಂದೇ ಅಂದಿರುತ್ತಾರೆ, ಈ ಊರಲ್ಲಿ ಸತ್ತವರನ್ನೂ ಕಳೆದುಹೋದವರನ್ನೂ ತಪ್ಪಿಸಿಕೊಂಡ ಹಸುವನ್ನೂ ಹುಡುಕುವುದು ರೇಡಿಯೋ, ಹೋದ ಮಳೆಗಾಲದಲ್ಲಿ ಯಾರದೋ ಅಜ್ಜ ದಾರಿತಪ್ಪಿ ಕೆರೆಯ ಕಡೆ ಹೋಗಿದ್ದ, ಒಕಿರೋರ್ ಹೆಸರು ಹೇಳಿ ಬಾಯಿ ಮುಚ್ಚುವ ಮೊದಲೇ ಫೋನು ಬಂತು. ಉಳಿದ ಸ್ಟೇಷನ್ನಿನವರು ಪ್ರಕಟಣೆ ಓದುವುದು ಸಂಜೆಗೆ, ಸಂಜೆಯವರೆಗೆ ನಾಲ್ಕು ವರ್ಷದ ಮಗು ಎಲ್ಲಿರುತ್ತದೆ, ಬಸ್ ಸ್ಟ್ಯಾಂಡು ಮಾರುಕಟ್ಟೆಯ ಹಿಂದೆಯೇ ಇದೆ, ಮಬಾಲೆಗೆ ಬಸ್ಸು, ಲಿರಾಗೆ ಬಸ್ಸು, ಎಲ್ಲೆಲ್ಲಿಗೋ ಬಸ್ಸು. ಯೋಚಿಸಬೇಡ, ಪಾಸ್‌ವರ್ಡ್, ಊಹಿಸು, ಸ್ಟೇಷನ್ನಿನ ಹೆಸರು ಹಾಕಿದಳು, ಆಗಲಿಲ್ಲ, ಎಸಬುವಿನ ಹೆಸರು ಹಾಕಿದಳು, ಆಗಲಿಲ್ಲ, ಅವನ ಕಾರಿನ ಹೆಸರು ಹಾಕಿದಳು, ಅದೂ ಆಗಲಿಲ್ಲ, ಥೂ.

ಫೋನು ಗುಂಯ್ ಅಂತು, ಗುಂಪಿನಿಂದ ಉತ್ತರ, ತೇಸೋ ಲಿನಕ್ಸ್ ಬಂಧುಗಳು ಅಂತ ಗುಂಪಿನ ಹೆಸರು, ಬಂಧುಗಳಂತೆ, ಬಂಧುಗಳು, ಬೆಳಿಗ್ಗೆಯೇ ಪರದೆಯ ಫೋಟೋ ಹಾಕಿ ಬೇಡಿಕೊಂಡಿದ್ದಳು, ರೇಡಿಯೋ ಸ್ಟುಡಿಯೋದ ಕಂಪ್ಯೂಟರ್ ಏಳ್ತಿಲ್ಲ, ಮಗು ಕಳೆದುಹೋಗಿದೆ, ಪ್ರಕಟಣೆ ಹೋಗಬೇಕು, ದಯವಿಟ್ಟು. ಮಗು ಅನ್ನುವ ಪದ ಯಾರ ಕಣ್ಣಿಗೂ ಬಿದ್ದಿಲ್ಲ. ಯಾವ ಲಿನಕ್ಸು, ಯಾವ ಆವೃತ್ತಿ, ಪೂರ್ತಿ ವಿವರ ಕೊಡದೆ ಪ್ರಶ್ನೆ ಕೇಳಬೇಡಿ ಅಂತ ಗುಂಪಿನ ನಿಯಮದಲ್ಲೇ ಇದೆ ಮೇಡಂ. ಫೋಟೋ ಹಾಕೋದಲ್ಲ ಅಕ್ಕಾ, ಅಕ್ಷರದಲ್ಲಿ ಹಾಕಿ, ಫೋಟೋ ಓದಕ್ಕೆ ಕಣ್ಣು ನೋಯುತ್ತೆ. ಅಲ್ಲಯ್ಯಾ, ಎದ್ದೇ ಇಲ್ಲದ ಯಂತ್ರದಿಂದ ಅಕ್ಷರ ಹೇಗೆ ಎತ್ತಿ ಕೊಡಲಿ, ಸೆರಗಲ್ಲಿ ಕಟ್ಟಿಕೊಂಡು ಬರಲಾ? ಹಳೇ ಮೆಸೇಜು ಹುಡುಕಿ ನೋಡಿದ್ರಾ, ಇದು ಎಷ್ಟೋ ಸಲ ಚರ್ಚೆ ಆಗಿದೆ. ಆಗಿದೆ, ನಿಜ, ಅವಳು ಹುಡುಕಿದಳು, ಇದೇ ದೋಷ, ಇದೇ ಸಾಲು, ಯಾರೋ ಪುಣ್ಯಾತ್ಮ ಕೇಳಿದ್ದಾನೆ, ಕೊನೆಗೆ ಅವನೇ ಬರೆದಿದ್ದಾನೆ, ಸರಿಹೋಯ್ತು, ಥ್ಯಾಂಕ್ಸ್ — ಹೇಗೆ ಸರಿಹೋಯಿತು ಅಂತ ಒಂದಕ್ಷರ ಇಲ್ಲ, ತಾನು ನದಿ ದಾಟಿದ ಮೇಲೆ ದೋಣಿ ಮುಳುಗಿಸಿ ಹೋಗುವ ಜಾತಿ. ಆಮೇಲೆ ಇನ್ನೊಬ್ಬ, ಈ ಲಿನಕ್ಸೇ ಕಸ ಕಣ್ರೀ, ನಾನು ಹಾಕ್ಕೊಂಡಿರೋದು ಹಾಕಿ, ಸಾಯೋವರೆಗೂ ತೊಂದರೆ ಇಲ್ಲ, ಅದಕ್ಕೆ ಮತ್ತೊಬ್ಬ, ನಿಂದು ಮಕ್ಕಳಾಟಿಕೆ ಅಂತ, ಅದಕ್ಕವನು, ನಿಂಗೆ ಅದನ್ನ ಹಾಕಕ್ಕೇ ಬರಲ್ಲ ಅದಕ್ಕೇ ಉರಿ ಅಂತ, ನಗುವ ಮುಖಗಳು, ಬೆಂಕಿಯ ಚಿತ್ರಗಳು, ಇಬ್ಬರೂ ಮೈಮೇಲೆ ಬಂದವರ ಹಾಗೆ ಕುಣಿಯುತ್ತಿದ್ದಾರೆ, ನಡುವೆ ಅವಳ ಪ್ರಶ್ನೆ ಮೇಲೆ ಮೇಲೆ ಸರಿದು ಕಾಣದಷ್ಟು ದೂರ ಹೋಗಿದೆ.

ಎಸಬುಗೆ ಫೋನು ಮಾಡಿದಳು, ಕಟ್ ಮಾಡಿದ, ಮತ್ತೆ ಮಾಡಿದಳು, ಕಟ್ ಮಾಡಿದ, ಮೀಟಿಂಗಲ್ಲಿದೀನಿ ಅಂತ ಮೆಸೇಜು, ಮೀಟಿಂಗಿನಲ್ಲಿದ್ದವನಿಗೆ ಗುಂಪಿನಲ್ಲಿ ಪಾಠ ಹೇಳಲು ಪುರುಸೊತ್ತಿದೆ, ಈಗಷ್ಟೇ ಯಾರಿಗೋ ಪ್ರಿಂಟರ್ ವಿಚಾರ ಉದ್ದಕ್ಕೆ ವಿವರಿಸಿದ್ದಾನೆ. ಹಾಗಾದರೆ ಗುಂಪಿನಲ್ಲೇ ಕೇಳುತ್ತೇನೆ, ನಾಚಿಕೆ ಅವನಿಗಿರಲಿ, ಎಂಜಿನಿಯರ್ ಎಸಬು ಅವರೇ, ಸ್ಟುಡಿಯೋ ಕಂಪ್ಯೂಟರಿನ ಪಾಸ್‌ವರ್ಡ್ ನಿಮ್ಮ ಹತ್ತಿರ ಮಾತ್ರ ಇದೆ, ನನಗೊಬ್ಬಳಿಗೆ ಕಳಿಸಿ, ಅವಸರ. ಬಂತು ಉತ್ತರ, ಮಹಾಪ್ರಸಾದ — ಮೇಡಂ, ಪಾಸ್‌ವರ್ಡನ್ನ ಹೀಗೆ ಸಂತೇಲಿ ಕೇಳೋದು ಶಿಸ್ತಲ್ಲ, ಅದು ಮಕ್ಕಳ ಆಟದ ಸಾಮಾನೂ ಅಲ್ಲ, ಮೊದಲು ನೀವು ಏನು ಮುಟ್ಟಿದ್ರಿ ಅದನ್ನ ಹೇಳಿ. ಅದರ ಕೆಳಗೆ ಚಪ್ಪಾಳೆ, ಚಪ್ಪಾಳೆ, ಹೆಬ್ಬೆರಳು, ನಿಜ ಸರ್, ಮೊದಲು ಓದಿಕೊಳ್ಳಲಿ ಸರ್. ಏನು ಮುಟ್ಟಿದೆ? ಏನು ಮುಟ್ಟಿದೆ ಅಂತ ನನ್ನನ್ನ ಕೇಳ್ತೀಯಾ? ಮೈಯೆಲ್ಲ ಉರಿದುಹೋಯಿತು ಅಮೊಂಗಿನಳಿಗೆ, ಕಿವಿ ಬಿಸಿಯಾಯಿತು, ತರಬೇತಿಯ ದಿನವೂ ಹೀಗೇ, ಹಿಂದಿನ ಸಾಲಿನಲ್ಲಿ ಕೂತು ಕೈ ಎತ್ತಿದ್ದಳು, ಸರ್, ಡಿಸ್ಕುಗಳಿಗೆ ಎ ಬಿ ಸಿ ಅಂತ ಬರೆದ್ರೆ ನಾಳೆ ಸರದಿ ಬದಲಾದ್ರೆ ಏನಾಗುತ್ತೆ, ಡಿಸ್ಕಿಗೆ ಅದರದ್ದೇ ಉದ್ದನೆಯ ಗುರುತು ಇರುತ್ತಂತಲ್ಲ, ಅದನ್ನೇ ಬರೆಯಬಾರದಾ — ಎಸಬು ಅವಳ ಕಡೆ ತಿರುಗದೆ, ಎಲ್ಲರ ಕಡೆ ನೋಡಿ ನಕ್ಕು, ಮೇಡಂ, ಪ್ರಶ್ನೆಗಳನ್ನ ಟೀ ಹೊತ್ತಲ್ಲಿ ತಗೋಳೋಣ, ಅಂದಹಾಗೆ ಟೀ ಎಲ್ಲಿಗೆ ಬಂತು ನೋಡಿ ಸ್ವಲ್ಪ, ಅಂದಿದ್ದ. ಎದ್ದು ಹೋಗಿ ನೋಡಿದ್ದಳು, ಅದೇ ಸಿಟ್ಟು, ಎದ್ದು ಹೋಗಿ ನೋಡಿಬಿಟ್ಟಿದ್ದಳು.

ಸರದಿ. ಸರದಿ ಬದಲಾದರೆ. ಬೆರಳು ಕೀಲಿಗಳ ಮೇಲೆ ನಿಂತುಬಿಟ್ಟಿತು, ಪರದೆಯ ಆ ಸಾಲು, ಹಾಡುಗಳ ಡಿಸ್ಕು ಸಿಗುತ್ತಿಲ್ಲ ಅನ್ನುವ ಸಾಲಿನಲ್ಲಿ ಬಿ ಅಂತ ಇದೆ, ಬಿ, ಅಂದರೆ ಎರಡನೆಯವನು, ಅಲ್ಲಪ್ಪಾ, ನೀನು ಹಾಗೆ ಬರೆದಿರಲಾರೆ, ಊರಿಗೆಲ್ಲ ಪಾಠ ಹೇಳುವ ನೀನು — ಒಳಗೆ ಹೋಗಿ ನೋಡಲೇಬೇಕು, ಒಡೆಯ ಬಾಗಿಲು ತೆಗೆಯದಿದ್ದರೆ ಹಿತ್ತಿಲ ಬಾಗಿಲಿದೆ, ಯಂತ್ರ ಏಳುವ ಮೊದಲ ಗಳಿಗೆಯಲ್ಲೇ ಹಿಡಿದು ನಿಲ್ಲಿಸಿ ಸಾಲಿನ ಕೊನೆಗೆ ನಾಲ್ಕು ಪದ ಸೇರಿಸಿದರೆ ಏನೂ ಕೇಳದೆ ಒಳಗೆ ಬಿಡುತ್ತದೆ, ಎಂದೋ ಓದಿದ್ದು, ಕೀಲಿ ಒತ್ತುವುದು ತಡವಾಯಿತು, ಮತ್ತೆ ಆರಿಸಿ ಹೊತ್ತಿಸಿದಳು, ಈ ಸಲ ಒಂದು ಅಕ್ಷರ ತಪ್ಪು, ಮತ್ತೆ, ಅಮೊಂಗಿನ್ ಎಷ್ಟೊತ್ತು ಕಣೇ, ಬಾಯ್ಮುಚ್ಕೊಂಡು ಕೂತ್ಕೊಳೋ ಒಕಿರೋರ್, ಮತ್ತೆ. ತೆರೆಯಿತು. ಯಾವ ಡಿಸ್ಕು ಎಲ್ಲಿ ಅಂತ ಬರೆದಿಟ್ಟ ಆ ಪುಟ್ಟ ಕಡತ ಬಿಚ್ಚಿದಳು, ಇತ್ತು, ಎಸಬುವಿನದೇ ಕೈ, ಹಾಡುಗಳ ಡಿಸ್ಕು ಅಂದರೆ ಬಿ, ಅದರ ಮೇಲೆ ಅವನದೇ ಟಿಪ್ಪಣಿ, ಈ ಸಾಲನ್ನು ಯಾರೂ ಮುಟ್ಟಬಾರದು, ಎಂಜಿನಿಯರ್ ಎಸಬು. ಬೋರ್‌ವೆಲ್ ಮುಂದೆ ನೀರಿನ ಜೆರಿಕ್ಯಾನು ಸಾಲಾಗಿ ಇಟ್ಟ ಹಾಗೆ, ಯಂತ್ರ ಎದ್ದಾಗ ಮೊದಲು ಸಿಕ್ಕಿದ್ದು ಎ, ಆಮೇಲೆ ಸಿಕ್ಕಿದ್ದು ಬಿ, ಯಾರಾದರೂ ನಡುವೆ ನುಗ್ಗಿದರೆ ಹಿಂದಿನವರು ಹಿಂದಕ್ಕೆ — ಯಾರು ನುಗ್ಗಿದ್ದು? ಬಗ್ಗಿ ಯಂತ್ರದ ಬೆನ್ನಿಗೆ ಕೈ ಹಾಕಿದಳು, ಬೆರಳಿಗೆ ಸಿಕ್ಕಿತು, ಚಿಕ್ಕದೊಂದು ಫ್ಲ್ಯಾಶ್ ಡಿಸ್ಕು. ಅಯ್ಯೋ ಅದು ನಂದು, ಚರ್ಚಿನ ಹಾಡು ಹಾಕಿದ್ನಲ್ಲ ನಿನ್ನೆ ಸಂಜೆ, ತೆಗೆಯೋದು ಮರೆತೆ, ಅಂದ ಒಕಿರೋರ್ ಬೆಪ್ಪಾಗಿ. ನಿನ್ನದಲ್ಲ ತಪ್ಪು, ಚುಚ್ಚುವುದಕ್ಕೇ ಇರುವ ತೂತಿಗೆ ಚುಚ್ಚಿದ್ದೀಯ. ಕಿತ್ತಳು. ಇಷ್ಟಕ್ಕೇ ಪಾಸ್‌ವರ್ಡೂ ಬೇಕಿರಲಿಲ್ಲ, ಹಿಂದಗಡೆ ಏನಾದ್ರೂ ಚುಚ್ಚಿದೆಯಾ ನೋಡಿ ಮೇಡಂ ಅಂತ ಒಂದು ಮಾತು ಸಾಕಿತ್ತು, ಬಿ ಅಂತ ಬರೆದವನಿಗೆ ಗೊತ್ತಿರಬೇಕಿತ್ತು, ಬೆಳಿಗ್ಗೆಯೇ, ಮೊದಲ ಫೋಟೋದಲ್ಲೇ.

ಎದ್ದಿತು ಮುಂಡೇದು, ಏನೂ ಆಗದವರ ಹಾಗೆ, ಸ್ಟೇಷನ್ನಿನ ರಾಗ ಬಂತು, ಒಕಿರೋರ್ ಮೈಕಿಗೆ ಹಾರಿದ, ಅಪೊಲೊತಳನ್ನು ತಾನೇ ಕೈಹಿಡಿದು ಒಳಗೆ ತಂದು ಕೂರಿಸಿದಳು ಅಮೊಂಗಿನ್, ಮಾತಾಡು ತೊತೊ, ಮಾತಾಡು ತಾಯಿ, ನಿನ್ನ ದನೀಲೇ ಹೇಳು, ಮಗು ಗುರುತು ಹಿಡೀಲಿ. ಅಕೊಲ್, ಅಂದಳು ತಾಯಿ, ಅಷ್ಟೇ, ಸೆರಗನ್ನು ಮೈಕಿನ ಮುಂದೆ ಎತ್ತಿ ಹಿಡಿದಳು, ಹಸಿರು ಬಟ್ಟೆ ಹಳದಿ ಹಕ್ಕಿ ಅಂತ ಒಕಿರೋರ್ ಪೂರ್ತಿ ಮಾಡಿದ. ಅಷ್ಟು ಹೊತ್ತಿಗೆ ಅಮೊಂಗಿನ್ ಪರದೆಯ ಫೋಟೋ ತೆಗೆದು, ಎಸಬುವಿನ ಸಾಲು, ಎಸಬುವಿನ ಹೆಸರು ಎಲ್ಲ ಕಾಣುವ ಹಾಗೆ ತೆಗೆದು, ಗುಂಪಿಗೆ ಎಸೆದಿದ್ದಳು, ಏನು ಮುಟ್ಟಿದ್ರಿ ಅಂತ ಕೇಳಿದ್ರಲ್ಲ ಸರ್, ನೋಡಿ, ಒಂದು ಫ್ಲ್ಯಾಶ್ ಡಿಸ್ಕು ಚುಚ್ಚಿದ್ದಕ್ಕೇ ನಿಮ್ಮ ಬಿ ಹಿಂದೆ ಸರಿದಿತ್ತು — ಒಂದು ಗಳಿಗೆ ಹಿತವಾಗಿತ್ತು, ಎದೆ ತುಂಬ ಉಸಿರು ಬಂದಿತ್ತು, ಆಗ ಸ್ಟುಡಿಯೋದ ಫೋನು ಹೊಡೆದುಕೊಂಡಿತು.

ಹಲೋ, ಬಸ್ ಸ್ಟ್ಯಾಂಡ್ ಹತ್ರ ಬಾಡಿಗೆ ಬೋಡಾ ಬೈಕಿನೋರು ನಾವು, ಆ ಹಕ್ಕಿ ಫ್ರಾಕಿನ ಮಗು ನಮ್ಮ ಹತ್ರಾನೇ ಇತ್ತಲ್ಲಾ. ಇತ್ತಾ? ಹೂಂ, ಅಳ್ತಾ ಬಂತು, ಕೂರಿಸ್ಕೊಂಡ್ವಿ, ಕಡಲೆಕಾಯಿ ಕೊಟ್ವಿ, ರೇಡಿಯೋದಲ್ಲಿ ಹೇಳೇ ಹೇಳ್ತಾರೆ ಅಂತ ನಿಮ್ಮ ಸ್ಟೇಷನ್ನೇ ಹಾಕ್ಕೊಂಡು ಕಾದ್ವಿ, ಸದ್ದೇ ಇಲ್ಲ ನಿಮ್ದು, ನಮ್ಮ ರೇಡಿಯೋನೇ ಕೆಟ್ಟೋಯ್ತೇನೋ ಅಂತ ತಟ್ಟಿದ್ವಿ, ಬ್ಯಾಟರಿ ಬದಲಾಯಿಸಿದ್ವಿ, ಮಗೂನೂ ನಮ್ಮ ನೋಡಿ ಅದನ್ನ ತಟ್ತಾ ಕೂತಿತ್ತು. ಈಗೆಲ್ಲಪ್ಪಾ ಮಗು, ಈಗೆಲ್ಲಿ? ಈಗ ಸ್ವಲ್ಪ ಹೊತ್ತು ಮುಂಚೆ ಯಾವಳೋ ಹೆಂಗಸು ಬಂದ್ಳು, ಇದು ನಮ್ಮಕ್ಕನ ಮಗು, ನಾನು ಕರ್ಕೊಂಡು ಹೋಗ್ತೀನಿ ಅಂದ್ಳು, ಕೈ ಹಿಡ್ಕೊಂಡು ಮಬಾಲೆ ಬಸ್ಸು ಹತ್ತಿದ್ಳು, ಬಸ್ಸು ಹೋಯ್ತು, ನಮ್ಮ ಹುಡುಗ್ರು ಇಬ್ರು ಬೈಕಲ್ಲಿ ಬೆನ್ನು ಹತ್ತಿದಾರೆ, ಆಯಮ್ಮಂಗೆ ಅಕ್ಕತಂಗೀರು ಇದ್ದಾರಾ? ಅಮೊಂಗಿನ್ ತಿರುಗಿ ಕೇಳಿದಳು, ತೊತೊ, ನಿನಗೆ ತಂಗಿ ಇದ್ದಾಳಾ? ಅಪೊಲೊತ್ ಅವಳ ಬಾಯನ್ನೇ ನೋಡಿದಳು. ಇಲ್ಲ ತಾಯಿ, ನಾನು ಒಬ್ಬಳೇ.

ಓಡಿದಳು ಅಪೊಲೊತ್, ಚಪ್ಪಲಿಯನ್ನೂ ಮೆಟ್ಟದೆ ಓಡಿದಳು, ಬಾಗಿಲು ಇನ್ನೂ ಅಲ್ಲಾಡುತ್ತಿದೆ, ಒಕಿರೋರ್ ಮೈಕಿನಲ್ಲಿ ಕೂಗುತ್ತಿದ್ದಾನೆ, ಮಬಾಲೆ ರಸ್ತೆಯಲ್ಲಿರುವವರೇ, ಬಸ್ಸನ್ನು ನಿಲ್ಲಿಸಿ, ಕುಮಿ ಊರಿನವರೇ, ರಸ್ತೆಗೆ ಬನ್ನಿ, ಬಸ್ಸನ್ನು ನಿಲ್ಲಿಸಿ, ದನಿ ಒಡೆದಿದೆ, ಈಗ ಎಲ್ಲ ಸಲೀಸು, ಒಂದಕ್ಷರ ನುಂಗದೆ ಟವರಿಗೆ ಹೋಗುತ್ತಿದೆ. ಅಮೊಂಗಿನಳ ಕೈಯಲ್ಲಿ ಫೋನು ಗುಂಯ್ ಅಂತು, ಎಸಬು, ಪರಿಹಾರವಾಯ್ತು ಅಂತ ಗುರುತು ಹಾಕ್ತಿದೀನಿ, ಎಲ್ಲರಿಗೂ ಪಾಠ, ಫ್ಲ್ಯಾಶ್ ಡಿಸ್ಕನ್ನು ಕಂಡಕಂಡಲ್ಲಿ ಬಿಟ್ಟುಹೋಗಬಾರದು. ಚಪ್ಪಾಳೆ, ಹೆಬ್ಬೆರಳು, ಸರ್ ಒಳ್ಳೇ ಮಾತು ಸರ್. ಬರೆಯುತ್ತಾಳೆ, ಉಗಿದು ಬರೆಯುತ್ತಾಳೆ, ಎಸಬು, ನಿನ್ನ ಪಾಠಕ್ಕಿಷ್ಟು, ನೀನು ಬೆಳಿಗ್ಗೆ ಒಂದು ಮಾತು ಹೇಳಿದ್ದರೆ ಆ ಮಗು — ಆ ಮಗು ರೇಡಿಯೋ ಪಕ್ಕದಲ್ಲಿ ಕೂತಿತ್ತು — ಅಳಿಸಿದಳು, ಮತ್ತೆ ಬರೆದಳು, ನಿನಗೆ ಹೆಂಡತಿ ಮಕ್ಕಳಿದ್ದರೆ, ನಿನ್ನ ಮೀಟಿಂಗಿಗೆ ಬೆಂಕಿ ಬೀಳಲಿ, ಆ ಮಗು ಕಡಲೆಕಾಯಿ ತಿನ್ನುತ್ತಾ ನಮ್ಮದೇ ರೇಡಿಯೋ ಪಕ್ಕದಲ್ಲಿ, ಅಳಿಸಿದಳು, ಬೈಗುಳ ಒಂದೂ ಸಾಲುತ್ತಿಲ್ಲ, ಯಾವ ಬೈಗುಳ ಎತ್ತಿಕೊಂಡರೂ ಅದರಾಚೆ ಅದೇ ಕೂತಿದೆ, ಬೈಕುಗಳ ನಡುವೆ, ಹಸಿರು ಫ್ರಾಕಿನಲ್ಲಿ, ಮಾತಾಡು ಅಂತ ಪುಟ್ಟ ಅಂಗೈಯಿಂದ ರೇಡಿಯೋ ತಟ್ಟುತ್ತಾ, ರೇಡಿಯೋ ಮಾತಾಡುತ್ತಿಲ್ಲ, ಮತ್ತೆ ತಟ್ಟುತ್ತಾ, ಮಾತಾಡುತ್ತಿಲ್ಲ, ತಟ್ಟುತ್ತಾ