ಲೀಲಾಬಾಯಿಯವರ ನೂರು ಷೇರು

ಆಗೆಲ್ಲ ಹೊಸ ಕಂಪನಿಯ ಷೇರು ಬೇಕೆಂದರೆ ಮನೆಮಂದಿಯೆಲ್ಲರ ಹೆಸರಿನಲ್ಲೂ ಒಂದೊಂದು ಅರ್ಜಿ ಹಾಕುವುದು ವಾಡಿ ಊರಿನ ಜನರ ರೂಢಿ. ಅದೃಷ್ಟ ಯಾರಿಗೆ ಹತ್ತುತ್ತದೋ ಯಾರು ಬಲ್ಲರು! ನಿವೃತ್ತ ಮಾಸ್ತರ ಪಾಂಡುರಂಗರಾಯರು ತಮ್ಮದು, ಮಗನದು, ಸೊಸೆಯದು ಹಾಕಿ, ಇದೂ ಇರಲಿ ಎಂದು ಹೆಂಡತಿಯದೂ ಹಾಕಿದ್ದರು. ಹತ್ತಿದ್ದು ಹೆಂಡತಿ ಲೀಲಾಬಾಯಿಗೆ ಮಾತ್ರ, ನೂರು ಷೇರು.

ಅಂದಿನಿಂದ ಲೀಲಾಬಾಯಿಗೆ ಕಂಪನಿಯ ಟಪಾಲು ಬರತೊಡಗಿತು. ಇಷ್ಟು ವರ್ಷದ ಸಂಸಾರದಲ್ಲಿ ಮದುವೆಯ ಕಾರ್ಡು ಕೂಡ ಅವರ ಹೆಸರಿಗೆ ಬಂದಿರಲಿಲ್ಲ. ಈಗ ಪೋಸ್ಟಮನ್ ಭೀಮಶ್ಯಾ ಓಣಿಯ ತುದಿಯಿಂದಲೇ ಅವರ ಹೆಸರು ಕೂಗುತ್ತ ಬಂದರೆ, ಹಿಟ್ಟಿನ ಕೈ ಒರೆಸಿಕೊಂಡು ಬಾಗಿಲಿಗೆ ಹೋಗುವಾಗ ಅವರ ನಡಿಗೆಯೇ ಬೇರೆ. ಷೇರು ಮಾರಿದರೆ ಅದೂ ನಿಂತೀತು ಎಂಬುದೊಂದೇ ಅವರ ಚಿಂತೆ.

ತೊಂಬತ್ತೊಂಬತ್ತರಲ್ಲಿ ಆ ಷೇರಿನ ಬೆಲೆ ಗಾಳಿಪಟದಂತೆ ಏರಿತು. ಪಡಸಾಲೆಯಲ್ಲಿ ಭಾನುವಾರದ ಪಂಚಾಯ್ತಿ ಸೇರಿತು. ಶಹಾಬಾದಿನ ಫರ್ಸಿ ಕಲ್ಲಿನ ವ್ಯಾಪಾರಿ ಗುರುಲಿಂಗಯ್ಯ ಇಟ್ಟುಕೊಳ್ಳಿ ಎನ್ನುವ ಪಕ್ಷ. ಸೇಡಂ ಕಾಲೇಜಿನಲ್ಲಿ ಕಾಮರ್ಸ್ ಕಲಿಸುವ ಧೀರೇಂದ್ರ, ಲೀಲಾಬಾಯಿಯ ತಮ್ಮ, ಮಾರಿಬಿಡಿ ಎನ್ನುವ ಪಕ್ಷ. ಇಬ್ಬರ ಹತ್ತಿರವೂ ಅದೇ ಷೇರು ಇತ್ತು. ಪಾಂಡುರಂಗರಾಯರು ಯಾವಾಗಲೂ ಕೊನೆಗೆ ಮಾತಾಡಿದವರ ಪಕ್ಷ.

ಕಾರ್ಖಾನೆಯ ಪಗಾರ, ಗೋದಾಮು, ಮಾರಾಟ ಎಲ್ಲವನ್ನೂ ಒಂದೇ ಕಂಪ್ಯೂಟರಿಗೆ ಕಟ್ಟಿಹಾಕುವ ಸಾಫ್ಟ್‌ವೇರು ಆ ಕಂಪನಿಯದು. ಅದು ಫರ್ಸಿ ಇದ್ದ ಹಾಗೆ, ಒಮ್ಮೆ ಹಾಸಿದ ಮೇಲೆ ಯಾರೂ ಕೀಳುವುದಿಲ್ಲ ಎಂದು ಗುರುಲಿಂಗಯ್ಯ ನೆಲ ಬಡಿದು ತೋರಿಸಿದರು.

"ಕೀಳಂಗಿಲ್ಲ, ಖರೆ," ಎಂದ ಧೀರೇಂದ್ರ. "ಆದ್ರ ಅದೇ ಮನೀಗಿ ನೀವು ಮತ್ತ ಫರ್ಸಿ ಮಾರ್ತೀರೇನ್ರಿ? ಎಲ್ಲಾ ಕಾರ್ಖಾನಿಗೂ ಹಾಸಿ ಮುಗದ ಮ್ಯಾಲ ಇವ್ರು ಏನ್ ತಿಂತಾರ?"

ವರ್ಷ ವರ್ಷ ರಿಪೇರಿಯ ರೊಕ್ಕ ಬರುತ್ತಿರಬಹುದು ಎಂದರು ಗುರುಲಿಂಗಯ್ಯ. ಎಷ್ಟು ಬರುತ್ತದೆಂದು ಧೀರೇಂದ್ರ ಕೇಳಿದ; ಅದು ಅವರಿಗೂ ಗೊತ್ತಿಲ್ಲ, ಧೀರೇಂದ್ರನಿಗೂ ಗೊತ್ತಿಲ್ಲ. ಕೊನೆಯ ಮಾತು ಧೀರೇಂದ್ರನದಾದ್ದರಿಂದ ರಾಯರು ಮಾರಾಟದ ಕಾಗದ ತಂದು ಹೆಂಡತಿಯ ಮುಂದಿಟ್ಟು, ಸಹಿ ಮಾಡು ಎಂದರು.

ಲೀಲಾಬಾಯಿ ಪೆನ್ನು ಮುಟ್ಟಲಿಲ್ಲ.

"ತಮ್ಮಾ, ನೀ ಕೇಳಿದ ಪ್ರಶ್ನೆ ಚಲೋ ಅದ. ಅದನ್ನ ಕಂಪನಿಯವ್ರಿಗೇ ಕೇಳಿದ್ರಾಯ್ತಲ್ಲ? ಮುಂಬೈದಾಗ ಷೇರಿನವ್ರ ಮೀಟಿಂಗ್ ಅದ ಅಂತ ಮೊನ್ನಿ ಕಾಗದ ಬಂದದ. ನನ್ನ ಹೆಸರೀಲೇ ಕರದಾರ. ಹೋಗಿ ಕೇಳಿ ಬರ್ತೀನಿ. ಅಲ್ಲೀತನಕ ಸಹಿ ಇಲ್ಲ."

ಅಂಥ ಕಾಗದ ಗುರುಲಿಂಗಯ್ಯ, ಧೀರೇಂದ್ರ ಇಬ್ಬರ ಮನೆಗೂ ಬಂದಿತ್ತು; ಹೋಗಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಹೆಂಡತಿಯ ಬದಲಿಗೆ ತಾವು ಹೋಗಿಬರುವುದಾಗಿ ರಾಯರು ಮೆಲ್ಲಗೆ ಹೇಳಿ ನೋಡಿದರು.

"ಬ್ಯಾಡ್ರಿ. ಅಲ್ಲಿ ಯಾರು ಕಡೀಗಿ ಮಾತಾಡ್ತಾರೋ ಅವ್ರಿಗೆ ಹೂಂ ಅಂದು ಬರ್ತೀರಿ. ಜೋಡಿ ಬರ್ರಿ ಬೇಕಾದ್ರ, ಹೊರಗ ಕುಂದ್ರುವಿರಂತ."

ಗುರುಲಿಂಗಯ್ಯ ನಕ್ಕು ನಕ್ಕು ಕೆಮ್ಮಿದರು. ಆಮೇಲೆ ಕುರ್ಚಿ ಲೀಲಾಬಾಯಿಯತ್ತ ಸರಿಸಿ, "ವೈನಿ, ಕುಂದ್ರಿ. ಆ ರಿಪೇರಿ ರೊಕ್ಕದ್ದೂ ಒಂದು ಮಾತು ಕೇಳಿ ಬರ್ರಿ," ಎಂದರು.

ರಾಯರು ಮುಂಬೈಯ ಟಿಕೀಟು ತೆಗೆಸಲು ಚಪ್ಪಲಿ ಮೆಟ್ಟಿ ಸ್ಟೇಷನ್ನಿಗೆ ಹೊರಟರು. ಕಿಟಕಿಯ ಪಕ್ಕದ ಸೀಟು ತನಗೇ ಇರಲೆಂದು ಲೀಲಾಬಾಯಿ ಒಳಗಿನಿಂದ ಹೇಳಿದ್ದು ಓಣಿಗೆಲ್ಲ ಕೇಳಿಸಿತು.